ಲುಕ್, ಸೌಂಡ್, ಸೀಮ್: ‘ಹಾಗೆ ಕಾಣ್ತಾರೆ’ ಅನ್ನೋದನ್ನ ಇಂಗ್ಲಿಷಲ್ಲಿ ತಪ್ಪಿಲ್ದೆ ಹೇಳೋದು ಹೇಗೆ

“ಶೀ ಈಸ್ ಲುಕಿಂಗ್ ಲೈಕ್ ಟೈರ್ಡ್.” “ಹೀ ಈಸ್ ಸೀಮಿಂಗ್ ಗುಡ್.” “ಹೌ ಡಸ್ ಹೀ ಲುಕ್ ಲೈಕ್?” ಈ ಮೂರೂ ತಪ್ಪು ವಾಕ್ಯ. ವರ್ಷಗಟ್ಲೆ ಇಂಗ್ಲಿಷ್ ಓದಿರೋರು, ದಿನಾ ಆಫೀಸಲ್ಲಿ ಇಂಗ್ಲಿಷಲ್ಲೇ ಮೇಲ್ ಬರೆಯೋರು ಕೂಡ ಇಲ್ಲೇ ಎಡವ್ತಾರೆ, ತಿದ್ದಿದ್ರೆ ಆ ಹೊತ್ತಿಗೆ ಸರಿಯಾಗತ್ತೆ, ಮಾರನೇ ದಿನ ಮತ್ತೆ ಅದೇ ಬಾಯಿಗೆ ಬರತ್ತೆ. ಯಾಕೆ ಅಂದ್ರೆ ಒಂದೊಂದು ವಾಕ್ಯನೂ ಬಿಡಿಬಿಡಿಯಾಗಿ ಬಾಯಿಪಾಠ ಮಾಡಿರ್ತೀವಿ, ಯಾವುದನ್ನ ಮೊದಲು ಯೋಚಿಸ್ಬೇಕು ಯಾವುದನ್ನ ಆಮೇಲೆ ಅಂತ ಯಾರೂ ಹೇಳಿಕೊಟ್ಟಿರಲ್ಲ.

ಇಲ್ಲಿ ಎಲ್ಲಾ ಇರೋದು ಆ ಕ್ರಮದಲ್ಲೇ. ವಿಷಯ ನಿಮಗೆ ಎಲ್ಲಿಂದ ಗೊತ್ತಾಯ್ತು ಅನ್ನೋದು ಮೊದಲು, ವಾಕ್ಯನ ಯಾರಿಂದ ಶುರು ಮಾಡ್ಬೇಕು ಅನ್ನೋದು ಆಮೇಲೆ, ಕ್ರಿಯಾಪದ ಆದ್ಮೇಲೆ ಎಂಥ ಪದ ಬರತ್ತೆ ಅನ್ನೋದು ಅದಾದ್ಮೇಲೆ, ಟೆನ್ಸ್ ಕೊನೆಗೆ. ಹಂತ ಹಾರಬೇಡಿ, ಹಾರಿದ್ರೆ ಮತ್ತೆ ಹಳೇ ತಪ್ಪಿಗೇ ಬಂದು ನಿಲ್ತೀರ.

## ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ

ಒಂದು ಲರ್ನರ್ಸ್ ಡಿಕ್ಷನರಿ, ಅಂದ್ರೆ ಇಂಗ್ಲಿಷ್ ಕಲಿಯೋರಿಗಂತಲೇ ಮಾಡಿರೋ ಇಂಗ್ಲಿಷ್-ಇಂಗ್ಲಿಷ್ ನಿಘಂಟು, ಬೇಕೇ ಬೇಕು. ಆಕ್ಸ್‌ಫರ್ಡ್‌ದು ಆಗ್ಲಿ ಕೇಂಬ್ರಿಡ್ಜ್‌ದು ಆಗ್ಲಿ, ಎರಡೂ ಆನ್‌ಲೈನಲ್ಲಿ ಫ್ರೀಯಾಗಿ ಸಿಗತ್ತೆ. ಬರೀ ಇಂಗ್ಲಿಷ್-ಕನ್ನಡ ನಿಘಂಟು ನೋಡಿದ್ರೆ ಲುಕ್, ಸೀಮ್, ಅಪಿಯರ್ ಮೂರಕ್ಕೂ ‘ಕಾಣು, ತೋರು’ ಅಂತಾನೇ ಇರತ್ತೆ, ಅದರಿಂದ ಕೆಲಸ ಆಗಲ್ಲ. ಲರ್ನರ್ಸ್ ಡಿಕ್ಷನರಿಲಿ ಅರ್ಥದ ಪಕ್ಕ ಒಂದು ಗುರುತು ಇರತ್ತೆ, ಆಕ್ಸ್‌ಫರ್ಡ್‌ನಲ್ಲಿ ‘ಲಿಂಕಿಂಗ್ ವರ್ಬ್’ ಅಂತ, ಕೇಂಬ್ರಿಡ್ಜ್‌ನಲ್ಲಿ ‘ಎಲ್’ ಅನ್ನೋ ಒಂದೇ ಅಕ್ಷರ. ಆ ಗುರುತು ಕಂಡ್ರೆ, ಈ ಅರ್ಥದಲ್ಲಿ ಇದು ಈಸ್, ಆರ್ ಥರಾನೇ ನಡ್ಕೊಳ್ಳತ್ತೆ ಅಂತ ತಿಳ್ಕೊಳ್ಳಿ. ಹಂತ 4ರಲ್ಲಿ ಇದೇ ಉಪಯೋಗಕ್ಕೆ ಬರೋದು.

ಇನ್ನೊಂದು, ಫೋನಿನ ವಾಯ್ಸ್ ರೆಕಾರ್ಡರ್. ಬರೆಯುವಾಗ ಬರದೇ ಇರೋ ತಪ್ಪು ಮಾತಾಡುವಾಗ ಬರತ್ತೆ, ಅದನ್ನ ನಮ್ಮ ಕಿವಿಯಿಂದಲೇ ಕೇಳಿದ್ರೆ ಮಾತ್ರ ಗೊತ್ತಾಗೋದು.

## ಹಂತ 1: ವಿಷಯ ಎಲ್ಲಿಂದ ಬಂತು ಅಂತ ಕೇಳ್ಕೊಳ್ಳಿ

ಕನ್ನಡದಲ್ಲಿ ‘ಕಾಣತ್ತೆ’, ‘ಅನ್ಸತ್ತೆ’, ‘ಹಾಗಿದೆ’ ಅನ್ನೋ ಎರಡು ಮೂರು ಮಾತಲ್ಲೇ ಎಲ್ಲಾ ನಡೆದುಹೋಗತ್ತೆ. ಇಂಗ್ಲಿಷಲ್ಲಿ ಹಾಗಲ್ಲ, ಯಾವ ದಾರಿಯಿಂದ ಗೊತ್ತಾಯ್ತು ಅನ್ನೋದರ ಮೇಲೆ ಕ್ರಿಯಾಪದಾನೇ ಬದಲಾಗತ್ತೆ.

ಕಣ್ಣಿಂದ ನೋಡಿದ್ರೆ ಲುಕ್. ಕಿವಿಯಿಂದ ಕೇಳಿದ್ರೆ ಸೌಂಡ್. ಮೂಗಿಗೆ ಬಂದ್ರೆ ಸ್ಮೆಲ್, ನಾಲಿಗೆಗೆ ಟೇಸ್ಟ್, ಮುಟ್ಟಿ ಗೊತ್ತಾದ್ರೆ ಫೀಲ್. ಯಾವುದೋ ಒಂದು ಇಂದ್ರಿಯ ಅಂತಲ್ಲ, ಅಲ್ಲಿ ಇಲ್ಲಿ ಸಿಕ್ಕ ನಾಲ್ಕು ಸುಳಿವನ್ನ ಸೇರಿಸಿ ತಲೆ ಒಂದು ತೀರ್ಮಾನಕ್ಕೆ ಬಂದಿದ್ರೆ ಸೀಮ್, ಅದನ್ನೇ ಸ್ವಲ್ಪ ಗಂಭೀರವಾಗಿ ಬರೆಯುವಾಗ ಅಪಿಯರ್.

ತುಂಬಾ ಜನ ತಪ್ಪು ಮಾಡೋದು ಫೋನಲ್ಲಿ. ಊರಿಂದ ಅಮ್ಮ ಫೋನ್ ಮಾಡಿ ದನಿ ಕೇಳಿದ ಕೂಡ್ಲೇ “ಯಾಕೋ ಸಪ್ಪಗಿದೀಯಲ್ಲ” ಅಂತಾರೆ, ಇದನ್ನ ಇಂಗ್ಲಿಷಿಗೆ ತರುವಾಗ “ಯು ಲುಕ್ ಡಲ್” ಅಂದುಬಿಡ್ತೀವಿ. ಕಂಡಿಲ್ವಲ್ಲ, ಕೇಳಿದ್ದು ತಾನೇ? “ಯು ಸೌಂಡ್ ಲೋ” ಅಥವಾ “ಯು ಸೌಂಡ್ ಟೈರ್ಡ್” ಅನ್ಬೇಕು. ವಿಡಿಯೋ ಕಾಲ್ ಆದ್ರೆ ಲುಕ್ ಸರಿ.

ಸೌಂಡ್ ವಿಷಯದಲ್ಲಿ ಇನ್ನೊಂದು ಗೊತ್ತಿರ್ಲಿ. ಯಾರಾದ್ರೂ ಒಂದು ಪ್ಲಾನ್ ಹೇಳಿದಾಗ, ಅದು ವಾಟ್ಸಾಪಲ್ಲಿ ಟೈಪ್ ಮಾಡಿದ್ದೇ ಆದ್ರೂ, “ಸೌಂಡ್ಸ್ ಗುಡ್” ಅಂತಾನೇ ಉತ್ತರ. ಕಿವಿಗೆ ಏನೂ ಬೀಳದೇ ಇದ್ರೂ ಪರವಾಗಿಲ್ಲ, ಮಾತಿನ ರೂಪದಲ್ಲಿ ಬಂದ ವಿಷಯಕ್ಕೆಲ್ಲ ಸೌಂಡ್ ನಡೆಯತ್ತೆ. ಆದ್ರೆ ಮೇಲ್ ಜೊತೆ ಕಳಿಸಿದ ಡಿಸೈನ್ ನೋಡಿದ್ರೆ “ಲುಕ್ಸ್ ಗುಡ್”.

ಸೀಮ್‌ಗೆ ಉದಾಹರಣೆ ಬೇಕು ಅಂದ್ರೆ, ಹೊಸ ಮ್ಯಾನೇಜರ್ ಬಂದಿದಾರೆ, ಒಂದೆರಡು ಮೀಟಿಂಗ್ ಆಯ್ತು, ಅವರು ಮೇಲ್ ಬರೆಯೋ ರೀತಿ ನೋಡಿದ್ರಿ, ಲೇಟಾಗಿ ಬಂದೋರ ಹತ್ರ ಹೇಗೆ ಮಾತಾಡ್ತಾರೆ ಅಂತ ಕೇಳಿದ್ರಿ, ಎಲ್ಲಾ ಸೇರಿ ಮನಸ್ಸಲ್ಲಿ ಒಂದು ಚಿತ್ರ ಬಂತು. ಆಗ “ಹೀ ಸೀಮ್ಸ್ ಸ್ಟ್ರಿಕ್ಟ್”. ಬರೀ ಮುಖ ನೋಡಿ ಹೇಳ್ತಿದ್ರೆ “ಹೀ ಲುಕ್ಸ್ ಸ್ಟ್ರಿಕ್ಟ್”. ಎರಡೂ ಸರಿಯಾದ ವಾಕ್ಯವೇ, ಹೇಳೋ ವಿಷಯ ಮಾತ್ರ ಬೇರೆ.

## ಹಂತ 2: ‘ಅಂತೆ’ಗೆ ‘ಇಟ್ ಸೀಮ್ಸ್’ ಹಾಕೋದನ್ನ ನಿಲ್ಲಿಸಿ

ನಮ್ಮ ಕಡೆಯವರ ಇಂಗ್ಲಿಷಲ್ಲಿ ಅತಿ ಹೆಚ್ಚು ಕೇಳಿಸೋದು ಇದೇ, ತಪ್ಪು ಅಂತ ಗೊತ್ತೇ ಆಗದೇ ಉಳಿಯೋದೂ ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

“ಡಾಕ್ಟರ್ ಇವತ್ತು ರಜಾ ಅಂತೆ.” ಇಲ್ಲಿ ‘ಅಂತೆ’ ಅನ್ನೋ ಚಿಕ್ಕ ಪದ ಒಂದು ದೊಡ್ಡ ಕೆಲಸ ಮಾಡ್ತಿದೆ: ನಾನು ನೋಡಿಲ್ಲ, ಊಹೆನೂ ಮಾಡ್ತಿಲ್ಲ, ಇನ್ನೊಬ್ಬರು ಹೇಳಿದ್ದನ್ನ ನಿಮಗೆ ದಾಟಿಸ್ತಿದೀನಿ ಅಷ್ಟೇ. ಇದನ್ನ ನಾವು “ಡಾಕ್ಟರ್ ಈಸ್ ಆನ್ ಲೀವ್ ಟುಡೇ, ಇಟ್ ಸೀಮ್ಸ್” ಅಂತೀವಿ. ಬೆಂಗಳೂರಲ್ಲಿ ಇದು ಎಲ್ಲರಿಗೂ ಅರ್ಥ ಆಗತ್ತೆ, ನಮ್ಮನಮ್ಮಲ್ಲಿ ಹೀಗೆ ಮಾತಾಡಿದ್ರೆ ನನ್ನದೇನೂ ತಕರಾರಿಲ್ಲ. ಆದ್ರೆ ಹೊರಗಿನವರ ಕಿವಿಗೆ ‘ಇಟ್ ಸೀಮ್ಸ್’ ಅಂದ್ರೆ ನೀವೇ ಯಾವುದೋ ಸುಳಿವು ನೋಡಿ ಊಹೆ ಮಾಡಿದೀರ ಅಂತ ಕೇಳಿಸತ್ತೆ. ರಿಸೆಪ್ಷನಲ್ಲಿ ಖಚಿತವಾಗಿ ಹೇಳಿ ಕಳಿಸಿದ ಮಾತನ್ನ ನೀವು ನಿಮ್ಮ ಅನುಮಾನ ಅನ್ನೋ ಹಾಗೆ ಹೇಳಿದ್ರಿ, ಅವರು “ಆರ್ ಯು ಶೂರ್?” ಅಂತಾರೆ. ಕ್ಲೈಂಟ್ ಕಾಲಲ್ಲಿ, ಇಂಟರ್‌ವ್ಯೂನಲ್ಲಿ, ಆಸ್ಪತ್ರೆಲಿ ಶಿಫ್ಟ್ ಒಪ್ಪಿಸುವಾಗ ಈ ಗೊಂದಲ ಸಣ್ಣದಲ್ಲ.

ಸರಿ ಮಾಡೋದು ಹೀಗೆ. ಹೇಳಿದೋರು ಯಾರು ಅಂತ ಗೊತ್ತಿದ್ರೆ ಅವರ ಹೆಸರನ್ನೇ ಮುಂದೆ ತನ್ನಿ: “ದ ರಿಸೆಪ್ಷನಿಸ್ಟ್ ಸೇಸ್ ದ ಡಾಕ್ಟರ್ ಈಸ್ ಆನ್ ಲೀವ್.” ಯಾರೋ ಹೇಳಿದ್ರು, ಯಾರು ಅನ್ನೋದು ಮುಖ್ಯ ಅಲ್ಲ ಅಂದ್ರೆ “ಅಪರೆಂಟ್ಲಿ” ಅಥವಾ “ಐ ಹಿಯರ್” ಅಂತ ಶುರು ಮಾಡಿ: “ಐ ಹಿಯರ್ ದೆ ಆರ್ ಮೂವಿಂಗ್ ಟು ಮೈಸೂರು.” ಪೇಪರಲ್ಲೋ ರಿಪೋರ್ಟಲ್ಲೋ ಓದಿದ್ರೆ “ಅಕಾರ್ಡಿಂಗ್ ಟು”. ನಿಜವಾಗ್ಲೂ ನೀವೇ ಸುಳಿವು ನೋಡಿ ತೀರ್ಮಾನಕ್ಕೆ ಬಂದಿದ್ರೆ ಮಾತ್ರ “ಇಟ್ ಸೀಮ್ಸ್ ದಟ್”, ಅದನ್ನೂ ವಾಕ್ಯದ ಶುರುವಿಗೆ ಹಾಕಿ ಅಭ್ಯಾಸ ಮಾಡಿ, ಬಾಲಕ್ಕೆ ಹಾಕೋ ಚಟ ಹೋಗ್ಲಿ.

ಕೊಂಕಾಗಿ ಹೇಳೋ ‘ಅಂತೆ’ ಬೇರೆ ಇದೆಯಲ್ಲ, “ಅವನಿಗೆ ಟೈಮೇ ಇಲ್ವಂತೆ!” ಅಂತ. ಅದನ್ನ “ನೋ ಟೈಮ್, ಇಟ್ ಸೀಮ್ಸ್” ಅಂದ್ರೆ ನಮ್ಮವರಿಗೆ ಬಿಟ್ರೆ ಬೇರೆ ಯಾರಿಗೂ ಆ ಸಿಟ್ಟು ಮುಟ್ಟಲ್ಲ. “ಹೀ ಕ್ಲೇಮ್ಸ್ ಹೀ ಹ್ಯಾಸ್ ನೋ ಟೈಮ್” ಅನ್ನಿ, ‘ಕ್ಲೇಮ್ಸ್’ ಅನ್ನೋದ್ರಲ್ಲೇ ನೀವು ನಂಬಿಲ್ಲ ಅನ್ನೋದು ಬಂತು.

## ಹಂತ 3: ‘ನನಗೆ’ಯನ್ನ ಹಿಂದಕ್ಕೆ ಕಳಿಸಿ

“ನನಗೆ ಅವನು ಪ್ರಾಮಾಣಿಕ ಅನ್ಸತ್ತೆ.” ಕನ್ನಡದಲ್ಲಿ ‘ನನಗೆ’ ಮೊದಲು ಬರತ್ತೆ, ಅದೇ ಗುಂಗಲ್ಲಿ “ಐ ಸೀಮ್ ಹೀ ಈಸ್ ಹಾನೆಸ್ಟ್” ಅಂತ ಬರೆದುಬಿಡ್ತಾರೆ. “ಐ ಸೀಮ್” ಅಂದ್ರೆ ನಾನು ಬೇರೆಯವರ ಕಣ್ಣಿಗೆ ಹಾಗೆ ಕಾಣ್ತೀನಿ ಅಂತ ಅರ್ಥ, ಪೂರ್ತಿ ಉಲ್ಟಾ. ಯಾರ ಬಗ್ಗೆ ಹೇಳ್ತಿದೀರೋ ಅವರಿಂದ ವಾಕ್ಯ ಶುರು ಮಾಡಿ, ‘ನನಗೆ’ ಬೇಕೇ ಬೇಕು ಅಂದ್ರೆ ಕೊನೇಲಿ ‘ಟು ಮೀ’ ಸೇರಿಸಿ: “ಹೀ ಸೀಮ್ಸ್ ಹಾನೆಸ್ಟ್ ಟು ಮೀ.” ಬರೀ ನಿಮ್ಮ ಅಭಿಪ್ರಾಯ ಆದ್ರೆ ಸೀಮ್ ಗೊಡವೆನೇ ಬೇಡ, “ಐ ಥಿಂಕ್ ಹೀ ಈಸ್ ಹಾನೆಸ್ಟ್” ಸಾಕು.

ಫೀಲ್ ಮಾತ್ರ ಎರಡು ಕಡೆನೂ ಓಡಾಡತ್ತೆ. “ಐ ಫೀಲ್ ಕೋಲ್ಡ್” ಅಂದ್ರೆ ನನಗೆ ಚಳಿ. “ಯುವರ್ ಹ್ಯಾಂಡ್ಸ್ ಫೀಲ್ ಕೋಲ್ಡ್” ಅಂದ್ರೆ ನಿನ್ನ ಕೈ ಮುಟ್ಟಿದ್ರೆ ತಣ್ಣಗಿದೆ. ವಾಕ್ಯದ ಮೊದಲು ಯಾರಿದಾರೆ ನೋಡಿ, ಅರ್ಥ ಅಲ್ಲೇ ನಿಂತಿರತ್ತೆ.

## ಹಂತ 4: ಮುಂದೆ ಬರೋ ಪದ ಯಾವ ಜಾತಿದು ನೋಡಿ

ತಪ್ಪುಗಳ ದೊಡ್ಡ ರಾಶಿ ಬಿದ್ದಿರೋದು ಇಲ್ಲೇ. ಕ್ರಿಯಾಪದ ಆದ್ಮೇಲೆ ಬರೋದು ಅಡ್ಜೆಕ್ಟಿವ್ವಾ, ನೌನಾ, ಪೂರ್ತಿ ವಾಕ್ಯನಾ, ಇನ್ನೊಂದು ಕ್ರಿಯಾಪದನಾ, ಅದನ್ನ ಮೊದಲು ಗುರುತಿಸಿ.

ಅಡ್ಜೆಕ್ಟಿವ್ ಬಂದ್ರೆ ನೇರವಾಗಿ ಹಾಕಿ. ಮಧ್ಯೆ ಲೈಕ್ ಬೇಡ, ಬಾಲಕ್ಕೆ ‘ಲಿ’ ಬೇಡ. “ಶೀ ಲುಕ್ಸ್ ಟೈರ್ಡ್.” “ದ ಸಾಂಬಾರ್ ಸ್ಮೆಲ್ಸ್ ಗುಡ್.” “ದಿಸ್ ಕ್ಲಾತ್ ಫೀಲ್ಸ್ ಸಾಫ್ಟ್.”

ನಾವು ಎಡವೋದಕ್ಕೆ ಕಾರಣ ಕನ್ನಡದಲ್ಲೇ ಇದೆ. “ಸುಸ್ತಾದ ಹಾಗೆ ಕಾಣ್ತಾಳೆ” ಅಂತ ತಲೇಲಿ ಓಡ್ತಿರತ್ತೆ, ಆ ‘ಹಾಗೆ’ಗೆ ಒಂದು ಲೈಕ್ ಹಾಕ್ಲೇಬೇಕು ಅನ್ಸತ್ತೆ, “ಲುಕ್ಸ್ ಲೈಕ್ ಟೈರ್ಡ್” ಆಗತ್ತೆ. ಇನ್ನೊಂದು ಕಡೆ “ಸುಂದರವಾಗಿ ಕಾಣ್ತಿದೀಯ” ಅನ್ನುವಾಗ ‘ವಾಗಿ’ ಇರೋದ್ರಿಂದ, ವೇಗವಾಗಿ ಅಂದ್ರೆ ಕ್ವಿಕ್ಲಿ, ನಿಧಾನವಾಗಿ ಅಂದ್ರೆ ಸ್ಲೋಲಿ, ಹಾಗಾದ್ರೆ ಸುಂದರವಾಗಿ ಅಂದ್ರೆ ಬ್ಯೂಟಿಫುಲಿ ಅಂತ ಲೆಕ್ಕ ಹಾಕ್ತೀವಿ, “ಯು ಲುಕ್ ಬ್ಯೂಟಿಫುಲಿ” ಅಂತೀವಿ. “ಯು ಲುಕ್ ಬ್ಯೂಟಿಫುಲ್” ಅನ್ನೋದೇ ಸರಿ.

ಪರೀಕ್ಷೆ ಸುಲಭ ಇದೆ. ಲುಕ್ಸ್ ಇರೋ ಜಾಗಕ್ಕೆ ಈಸ್ ಹಾಕಿ ನೋಡಿ. “ಶೀ ಈಸ್ ಟೈರ್ಡ್” ಸರಿ ಕೂತ್ಕೊಳ್ತು, ಹಾಗಾದ್ರೆ “ಶೀ ಲುಕ್ಸ್ ಟೈರ್ಡ್” ಕೂಡ ಸರಿ. “ಶೀ ಈಸ್ ಲೈಕ್ ಟೈರ್ಡ್”, “ಶೀ ಈಸ್ ಬ್ಯೂಟಿಫುಲಿ” ಎರಡೂ ಕೂರಲ್ಲ, ಅಂದ್ಮೇಲೆ ಲುಕ್ಸ್ ಜೊತೆಗೂ ಬೇಡ.

‘ಲಿ’ ಬರೋದು ಯಾವಾಗ ಅಂದ್ರೆ ಲುಕ್ ಅನ್ನೋದು ‘ಕಾಣೋದು’ ಅಲ್ಲ, ‘ನೋಡೋದು’ ಆದಾಗ. “ಶೀ ಲುಕ್ಡ್ ಆ್ಯಂಗ್ರಿ” ಅಂದ್ರೆ ಅವಳು ಸಿಟ್ಟಲ್ಲಿರೋ ಹಾಗೆ ಕಂಡ್ಲು. “ಶೀ ಲುಕ್ಡ್ ಆ್ಯಂಗ್ರಿಲಿ ಅಟ್ ಮೀ” ಅಂದ್ರೆ ನನ್ನ ಕಡೆ ಸಿಟ್ಟಿಂದ ನೋಡಿದ್ಲು. ಎರಡನೇದ್ರಲ್ಲಿ ಅವಳು ಏನೋ ಮಾಡ್ತಿದಾಳೆ, ಮೊದಲನೇದ್ರಲ್ಲಿ ಸುಮ್ನೆ ಕಾಣ್ತಿದಾಳೆ.

‘ಚೆನ್ನಾಗಿ’ ಬಗ್ಗೆ ಎಚ್ಚರ ಇರ್ಲಿ. “ಈ ಡ್ರೆಸ್ಸಲ್ಲಿ ಚೆನ್ನಾಗಿ ಕಾಣ್ತಿದೀಯ” ಅನ್ನೋದಕ್ಕೆ “ಯು ಲುಕ್ ಗುಡ್” ಅಥವಾ “ಯು ಲುಕ್ ನೈಸ್”. “ಯು ಲುಕ್ ವೆಲ್” ಅಂದ್ರೆ ಆರೋಗ್ಯವಾಗಿ ಕಾಣ್ತಿದೀಯ ಅಂತ, ಜ್ವರದಿಂದ ಎದ್ದೋರಿಗೆ ಹೇಳೋ ಮಾತು. ಊಟದ ವಾಸನೆ ರುಚಿಗೆ ವೆಲ್ ಬರೋದೇ ಇಲ್ಲ, “ಟೇಸ್ಟ್ಸ್ ಗುಡ್”, “ಸ್ಮೆಲ್ಸ್ ಗುಡ್” ಅಷ್ಟೇ.

ನೌನ್ ಬಂದ್ರೆ ಲೈಕ್ ಬೇಕು. “ಹೀ ಲುಕ್ಸ್ ಲೈಕ್ ಎ ಡಾಕ್ಟರ್.” “ಶೀ ಸೌಂಡ್ಸ್ ಲೈಕ್ ಹರ್ ಮದರ್.” “ದಿಸ್ ಟೇಸ್ಟ್ಸ್ ಲೈಕ್ ಜಾಗರಿ.” ಇಲ್ಲಿ ಎರಡು ಕಡೆ ಜಾರ್ತಾರೆ. ಒಂದು, ‘ಎ’ ಬಿಟ್ಟುಬಿಡೋದು, “ಲುಕ್ಸ್ ಲೈಕ್ ಡಾಕ್ಟರ್” ಅಂತ. ಇನ್ನೊಂದು, ಅಡ್ಜೆಕ್ಟಿವ್ ಕಂಡ ಕೂಡ್ಲೇ ಲೈಕ್ ತೆಗೆದುಬಿಡೋದು. “ಹೀ ಸೀಮ್ಸ್ ಲೈಕ್ ಎ ನೈಸ್ ಪರ್ಸನ್” ಅನ್ನೋದ್ರಲ್ಲಿ ನೈಸ್ ಇದ್ರೂ ಕೊನೇಲಿ ನಿಂತಿರೋದು ಪರ್ಸನ್ ಅನ್ನೋ ನೌನ್, ಆದ್ರಿಂದ ಲೈಕ್ ಇರ್ಲಿ. ಸೀಮ್‌ಗೆ ಲೈಕ್ ಬದಲು ‘ಟು ಬಿ’ ಕೂಡ ಹಾಕ್ಬಹುದು, “ಹೀ ಸೀಮ್ಸ್ ಟು ಬಿ ಎ ನೈಸ್ ಪರ್ಸನ್”.

ಪೂರ್ತಿ ವಾಕ್ಯ ಬಂದ್ರೆ ‘ಆ್ಯಸ್ ಇಫ್’, ‘ಆ್ಯಸ್ ದೋ’ ಅಥವಾ ಲೈಕ್. “ಯು ಲುಕ್ ಆ್ಯಸ್ ಇಫ್ ಯು ಹ್ಯಾವಂಟ್ ಸ್ಲೆಪ್ಟ್.” “ಇಟ್ ಲುಕ್ಸ್ ಲೈಕ್ ಇಟ್ಸ್ ಗೋಯಿಂಗ್ ಟು ರೇನ್.” ಮಾತಲ್ಲಿ ಲೈಕ್ ಧಾರಾಳವಾಗಿ ನಡೆಯತ್ತೆ, ಪರೀಕ್ಷೆಲಿ ಅಥವಾ ಅಫೀಶಿಯಲ್ ಬರಹದಲ್ಲಿ ‘ಆ್ಯಸ್ ಇಫ್’ ಹಾಕಿ, ಯಾರೂ ಬೆರಳು ತೋರಿಸೋ ಹಾಗಿರಲ್ಲ.

ಇನ್ನೊಂದು ಕ್ರಿಯಾಪದ ಬಂದ್ರೆ ಸೀಮ್ ಅಥವಾ ಅಪಿಯರ್, ಜೊತೆಗೆ ‘ಟು’. “ಹೀ ಸೀಮ್ಸ್ ಟು ನೋ ದ ಆನ್ಸರ್.” ಇದನ್ನ ಸೌಂಡ್, ಸ್ಮೆಲ್, ಟೇಸ್ಟ್ ಜೊತೆ ಮಾಡೋಕೆ ಹೋಗ್ಬೇಡಿ, “ಹೀ ಸೌಂಡ್ಸ್ ಟು ನೋ” ಅಂತ ಯಾರೂ ಅನ್ನಲ್ಲ, “ಹೀ ಸೌಂಡ್ಸ್ ಲೈಕ್ ಹೀ ನೋಸ್” ಅಂತಾರೆ. ಈಗ ನಡೀತಿರೋದಾದ್ರೆ “ಹೀ ಸೀಮ್ಸ್ ಟು ಬಿ ವೇಟಿಂಗ್”. ಆಗ್ಲೇ ಮುಗಿದಿದ್ರೆ “ಹೀ ಸೀಮ್ಸ್ ಟು ಹ್ಯಾವ್ ಲೆಫ್ಟ್”, ಹೊರಟುಹೋಗಿರೋ ಹಾಗಿದೆ ಅಂತ.

## ಹಂತ 5: ಈಗ ಟೆನ್ಸ್‌ಗೆ ಬನ್ನಿ

‘ಕಾಣಿಸ್ತಿದೆ’, ‘ಅನ್ನಿಸ್ತಿದೆ’ ಅನ್ನೋದ್ರಲ್ಲಿ ‘ತಿದೆ’ ಇದೆ ಅಂತ ಎಲ್ಲದಕ್ಕೂ ‘ಇಂಗ್’ ಅಂಟಿಸ್ತೀವಿ. ‘ಸೀಮಿಂಗ್’ ಅನ್ನೋದನ್ನ ಮರೆತೇಬಿಡಿ, “ಇಟ್ ಈಸ್ ಸೀಮಿಂಗ್ ಡಿಫಿಕಲ್ಟ್” ಅಂತ ಬರಲ್ಲ, “ಇಟ್ ಸೀಮ್ಸ್ ಡಿಫಿಕಲ್ಟ್”. ಈ ಅರ್ಥದಲ್ಲಿ ಅಪಿಯರ್‌ಗೂ ಇದೇ ನಿಯಮ.

ಲುಕ್, ಫೀಲ್ ಎರಡಕ್ಕೆ ಸ್ವಲ್ಪ ಸಡಿಲ ಇದೆ. “ಯು ಆರ್ ಲುಕಿಂಗ್ ಗುಡ್ ಟುಡೇ”, “ಐ ಆ್ಯಮ್ ಫೀಲಿಂಗ್ ಬೆಟರ್” ಎರಡೂ ಸರಿ, ಇವತ್ತಿನ ಮಟ್ಟಿಗೆ ಅನ್ನೋ ಅರ್ಥ ಬರತ್ತೆ. ಸ್ಮೆಲ್, ಟೇಸ್ಟ್ ವಿಷಯದಲ್ಲಿ ಯಾರು ಕೆಲಸ ಮಾಡ್ತಿದಾರೆ ನೋಡಿ. ಅಡುಗೆಯವರು ಸೌಟಲ್ಲಿ ಹಾಕ್ಕೊಂಡು ಉಪ್ಪು ನೋಡ್ತಿದ್ರೆ “ಹೀ ಈಸ್ ಟೇಸ್ಟಿಂಗ್ ದ ಸಾಂಬಾರ್” ಸರಿ. ಸಾಂಬಾರ್ ಚೆನ್ನಾಗಿದೆ ಅನ್ನೋದಕ್ಕೆ “ದ ಸಾಂಬಾರ್ ಈಸ್ ಟೇಸ್ಟಿಂಗ್ ಗುಡ್” ಬೇಡ, “ಟೇಸ್ಟ್ಸ್ ಗುಡ್” ಅನ್ನಿ.

ಈಸ್ ಮತ್ತೆ ಲುಕ್ ಎರಡನ್ನೂ ಒಟ್ಟಿಗೆ ಕೂರಿಸೋ “ಹೀ ಈಸ್ ಲುಕ್ ಟೈರ್ಡ್” ಅನ್ನೋದೂ ತುಂಬಾ ಕೇಳ್ಸತ್ತೆ. ಈಸ್ ಮಾಡೋ ಕೆಲಸನೇ ಲುಕ್ಸ್ ಮಾಡ್ತಿರೋದು, ಎರಡರಲ್ಲಿ ಒಂದು ಇಟ್ಕೊಳ್ಳಿ. ‘ಇಲ್ಲ’ ಅನ್ನುವಾಗ, ಪ್ರಶ್ನೆ ಕೇಳುವಾಗ ಡಸ್ ಬರತ್ತೆ: “ಹೀ ಡಸಂಟ್ ಲುಕ್ ಹ್ಯಾಪಿ”, “ಡಸ್ ಇಟ್ ಸ್ಮೆಲ್ ಬ್ಯಾಡ್?”

## ಹಂತ 6: ಪ್ರಶ್ನೆ ಮೂರು ಥರ, ಕಲಸಬೇಡಿ

“ಹುಡುಗ ಹೇಗಿದಾನೆ?” ಅಂತ ಮನೇಲಿ ಕೇಳಿದ್ರೆ ಅದು ಆರೋಗ್ಯನೋ, ರೂಪಾನೋ, ಗುಣಾನೋ ಅಂತ ಸಂದರ್ಭ ನೋಡಿ ಅರ್ಥ ಮಾಡ್ಕೊಳ್ತೀವಿ. ಇಂಗ್ಲಿಷಲ್ಲಿ ಮೂರಕ್ಕೂ ಬೇರೆ ಬೇರೆ ಪ್ರಶ್ನೆ.

ಈ ಹೊತ್ತಿನ ಸ್ಥಿತಿ ಕೇಳೋದು “ಹೌ ಡಸ್ ಹೀ ಲುಕ್?”, ಉತ್ತರ ಟೈರ್ಡ್, ಹ್ಯಾಪಿ ಥರ. ರೂಪ ಕೇಳೋದು “ವಾಟ್ ಡಸ್ ಹೀ ಲುಕ್ ಲೈಕ್?”, ಉತ್ತರ ಎತ್ತರ, ಗಡ್ಡ, ಕನ್ನಡಕ. ಗುಣ ಕೇಳೋದು “ವಾಟ್ ಈಸ್ ಹೀ ಲೈಕ್?”, ಉತ್ತರ ಶಾಂತ ಸ್ವಭಾವ, ಮಾತು ಜಾಸ್ತಿ, ಹೀಗೆ. ಕೊನೇದನ್ನ ಒಂದು ಪದ ಬದಲಿಸಿ “ವಾಟ್ ಡಸ್ ಹೀ ಲೈಕ್?” ಅಂದ್ರೆ ಅವನಿಗೆ ಏನು ಇಷ್ಟ ಅಂತಾಗತ್ತೆ. ನೆನಪಿಟ್ಕೊಳ್ಳೋಕೆ ಒಂದೇ ಸೂತ್ರ, ಕೊನೇಲಿ ಲೈಕ್ ಇದ್ರೆ ಶುರುವಲ್ಲಿ ವಾಟ್, ಹೌ ಅಲ್ಲ.

## ಹಂತ 7: ತಪ್ಪು ಹೇಳುವಾಗ ಮೆತ್ತಗೆ ಹೇಳೋದಕ್ಕೆ ಬಳಸಿ

ಇಷ್ಟು ಬಂದ್ಮೇಲೆ ಸೀಮ್ ಕೈಗೆ ಒಳ್ಳೇ ಉಪಕರಣ ಆಗತ್ತೆ. ಹೋಟೆಲಲ್ಲಿ ಬಿಲ್ ಜಾಸ್ತಿ ಬಂದಿದೆ ಅನ್ಕೊಳ್ಳಿ, “ದ ಬಿಲ್ ಈಸ್ ರಾಂಗ್” ಅಂದ್ರೆ ಜಗಳಕ್ಕೆ ನಿಂತ ಹಾಗೆ ಕೇಳ್ಸತ್ತೆ, “ದೇರ್ ಸೀಮ್ಸ್ ಟು ಬಿ ಎ ಮಿಸ್ಟೇಕ್ ಇನ್ ದ ಬಿಲ್” ಅಂದ್ರೆ ಅದೇ ವಿಷಯ, ಎದುರಿಗಿರೋರಿಗೆ ಮುಜುಗರ ಆಗಲ್ಲ. ಮೇಲಲ್ಲಿ ಫೈಲ್ ಹಾಕೋದು ಮರೆತೋರಿಗೆ “ಯು ಫರ್ಗಾಟ್” ಬೇಡ, “ದ ಅಟ್ಯಾಚ್‌ಮೆಂಟ್ ಸೀಮ್ಸ್ ಟು ಬಿ ಮಿಸ್ಸಿಂಗ್” ಬರೀರಿ. ನೀವೇ ಪ್ರಯತ್ನಪಟ್ಟೂ ಆಗ್ತಿಲ್ಲ ಅಂದ್ರೆ “ಐ ಕಾಂಟ್ ಸೀಮ್ ಟು ಓಪನ್ ದಿಸ್ ಫೈಲ್”, ಇದ್ರಲ್ಲಿ ‘ಎಷ್ಟು ಮಾಡಿದ್ರೂ’ ಅನ್ನೋದು ತಾನಾಗೇ ಬರತ್ತೆ.

ಅತಿ ಮಾಡಬೇಡಿ. ಕಣ್ಣೆದುರಿಗೆ ಖಚಿತವಾಗಿರೋದಕ್ಕೆಲ್ಲ ಸೀಮ್ಸ್ ಹಾಕಿದ್ರೆ ನಿಮಗೆ ಧೈರ್ಯ ಇಲ್ಲ ಅಂತ ಕಾಣತ್ತೆ. ನರ್ಸಿಂಗ್ ನೋಟ್ಸಲ್ಲಿ “ಪೇಷೆಂಟ್ ಅಪಿಯರ್ಸ್ ಪೇಲ್” ಸರಿ, ನೋಡಿ ಹೇಳೋ ಮಾತದು. ಥರ್ಮಾಮೀಟರಲ್ಲಿ 102 ಡಿಗ್ರಿ ತೋರಿಸಿದ ಮೇಲೆ “ಸೀಮ್ಸ್ ಟು ಹ್ಯಾವ್ ಫೀವರ್” ಅಂತ ಯಾಕೆ ಬರೀಬೇಕು? ಜ್ವರ ಇದೆ, ಇದೆ ಅಂತಾನೇ ಬರೀರಿ.

## ದಾರಿ ತಪ್ತಿದೀರ ಅನ್ನೋ ಸೂಚನೆಗಳು

ನೀವು ಮಾತಾಡಿದ ಮೇಲೆ ಕೇಳೋರು “ಲೈಕ್ ವಾಟ್?” ಅಂದ್ರೆ, ಲೈಕ್ ಹಾಕಿ ನೌನ್ ಕೊಡದೇ ಬಿಟ್ಟಿದೀರ ಅಂತ. “ಆರ್ ಯು ಶೂರ್?” ಪದೇ ಪದೇ ಬರ್ತಿದ್ರೆ ‘ಅಂತೆ’ ಜಾಗಕ್ಕೆ ಇಟ್ ಸೀಮ್ಸ್ ನುಗ್ತಿದೆ. ಬರೆದಿರೋದ್ರಲ್ಲಿ ಲುಕ್ಸ್ ಪಕ್ಕದಲ್ಲೇ ‘ಲಿ’ ಕಂಡ್ರೆ ಒಂದ್ಸಲ ನಿಂತು ಈಸ್ ಪರೀಕ್ಷೆ ಮಾಡಿ.

ಮುಜುಗರಕ್ಕೆ ಸಿಕ್ಕಿಸೋದು ಇನ್ನೊಂದಿದೆ. ಸ್ಮೆಲ್ ಆದ್ಮೇಲೆ ಏನೂ ಹಾಕದೇ “ಯು ಸ್ಮೆಲ್” ಅಂತ ನಿಲ್ಲಿಸಿದ್ರೆ ನಿನ್ನ ಮೈ ನಾರ್ತಿದೆ ಅಂತ ಅರ್ಥ. ಮಲ್ಲಿಗೆ ಮುಡಿದು ಬಂದೋರಿಗೆ ಹೇಳ್ಬೇಕಾದ್ರೆ “ಯು ಸ್ಮೆಲ್ ನೈಸ್” ಅಥವಾ “ಯು ಸ್ಮೆಲ್ ಆಫ್ ಜಾಸ್ಮಿನ್” ಅಂತ ಪೂರ್ತಿ ಮಾಡಿ.

## ಹಂತ 8: ಬಾಯಿಗೆ ಬರಿಸೋ ಅಭ್ಯಾಸ

ಫೋನಲ್ಲಿ ಯಾವುದಾದ್ರೂ ಫೋಟೋ ತೆಗೀರಿ, ಮದುವೆದು, ಬಸ್‌ಸ್ಟ್ಯಾಂಡ್‌ದು, ಏನಾದ್ರೂ ಆಗ್ಬಹುದು. ರೆಕಾರ್ಡರ್ ಆನ್ ಮಾಡಿ ನಿಲ್ಲಿಸದೇ ಒಂದು ನಿಮಿಷ ಅದರ ಬಗ್ಗೆ ಮಾತಾಡಿ: ಯಾರು ಹೇಗೆ ಕಾಣ್ತಿದಾರೆ, ಏನು ಮಾಡ್ತಿರೋ ಹಾಗಿದೆ, ಮುಂದೆ ಏನಾಗೋ ಹಾಗಿದೆ. ಡ್ಯುಯೋಲಿಂಗೋ ಇಂಗ್ಲಿಷ್ ಟೆಸ್ಟಲ್ಲಿ ಫೋಟೋ ನೋಡಿ ಬರೆಯೋದು ಮಾತಾಡೋದು ಎರಡೂ ಇದೆ, ಅದಕ್ಕೆ ತಯಾರಿ ಮಾಡೋರಿಗೆ ಇದು ನೇರವಾಗಿ ಉಪಯೋಗಕ್ಕೆ ಬರತ್ತೆ.

ಆಮೇಲೆ ಕೇಳಿ. ಕೇಳುವಾಗ ಎಲ್ಲಾ ತಪ್ಪನ್ನೂ ಒಂದೇ ಸಲ ಹಿಡಿಯೋಕೆ ಹೋಗ್ಬೇಡಿ, ಮೊದಲ ವಾರ ಲೈಕ್ ಮಾತ್ರ ನೋಡಿ, ಎಲ್ಲೆಲ್ಲಿ ಬೇಡದೇ ಬಂತು, ಎಲ್ಲಿ ಬೇಕಿದ್ರೂ ಬರ್ಲಿಲ್ಲ ಅಂತ. ಅದು ಹಿಡಿತಕ್ಕೆ ಬಂದ್ಮೇಲೆ ‘ಇಂಗ್’, ಅದಾದ್ಮೇಲೆ ‘ಇಟ್ ಸೀಮ್ಸ್’. ಇಟ್ ಸೀಮ್ಸ್ ಬಿಡೋದಕ್ಕೆ ಮಾತ್ರ ಫೋಟೋ ಸಾಲದು, ಮನೇಲಿ ಯಾರಾದ್ರೂ ಹೇಳಿದ ಸುದ್ದಿನ ಸಂಜೆ ಇಂಗ್ಲಿಷಲ್ಲಿ ಇನ್ನೊಬ್ಬರಿಗೆ ಹೇಳಿ, ಪ್ರತಿ ವಾಕ್ಯಕ್ಕೂ ಯಾರು ಹೇಳಿದ್ದು ಅನ್ನೋದನ್ನ ಮೊದಲೇ ಹಾಕಿ: “ಮೈ ಅಂಕಲ್ ಸೇಸ್”, “ದ ನೇಬರ್ ಟೋಲ್ಡ್ ಮೀ”, “ಅಪರೆಂಟ್ಲಿ”. ಕೇಳೋಕೆ ಯಾರೂ ಸಿಗ್ಲಿಲ್ಲ ಅಂದ್ರೆ ರೆಕಾರ್ಡರ್‌ಗೇ ಹೇಳಿ.